ಕೊಕ್ಕರೆ ಮಾರ್ಕಿನ ಕಾಡತೂಸು

ಕೊಕ್ಕರೆ ಮಾರ್ಕಿನ ಕಾಡತೂಸಿನ ಬಗ್ಗೆ ನಾನು ಬರೆದ ವರದಿಯ ನಾಲ್ಕನೆಯ ಕಾಲಮ್ಮಿನಲ್ಲಿ ಅಂಕಿ ಇಲ್ಲ. ಹೊಗೆ ಎಷ್ಟು, ಸದ್ದು ಎಷ್ಟು, ನಡಿಗೆ ಎಷ್ಟು ಎಂಬ ಮೊದಲಿನ ಮೂರು ಕಾಲಮ್ಮುಗಳನ್ನು ಸರಿಯಾಗಿ ತುಂಬಿದ್ದೇನೆ. ನಾಲ್ಕನೆಯದು ಬಾಗಿಲು ಹಿಡಿದ ಅವಧಿ. ಅಲ್ಲಿ ಅಂಕಿ ಬರೆಯದ ಮೊದಲ ಪರೀಕ್ಷಕಿ ನಾನೇ ಅಂತೆ. ಯಾಕೆ ಹೀಗಾಯಿತು ಎಂದು ಕಾಡತೂಸು ಪರೀಕ್ಷಿಸುವ ನಮ್ಮ ಕಚೇರಿಯಲ್ಲಿ ಈಗಲೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ನನ್ನ ತಪ್ಪನ್ನು ನಾನೇ ಬರೆದರೆ ಅದು ಇದ್ದಷ್ಟೇ ಇರುತ್ತದೆ. ಬೇರೆಯವರು ಹೇಳಿದರೆ ಬೆಳೆಯುತ್ತದೆ.

ನಮ್ಮೂರಿನಲ್ಲಿ ಗುಂಡು ನಡೆದುಕೊಂಡು ಹೋಗುತ್ತದೆ. ಎಲ್ಲ ಅಂಗಡಿಯಲ್ಲೂ ಸಿಗುವ ಕುದುರೆ ಮಾರ್ಕಿನ ಗುಂಡು ಸಂತೆಗೆ ಹೊರಟ ಹೆಂಗಸಿನ ನಡಿಗೆಯಲ್ಲಿ ಹೋಗುತ್ತದೆ. ಗೋಡೆ ಬಂದರೆ ಗೋಡೆ ತೂರಿ, ಮರ ಬಂದರೆ ಮರ ತೂರಿ ಹೋಗುತ್ತದೆ. ಹಸಿ ಜೇಡಿಮಣ್ಣು ಸಿಕ್ಕರೆ ಮಾತ್ರ ನಿಲ್ಲುತ್ತದೆ. ಅದಕ್ಕೇ ಮನೆಮನೆಯ ಬಾಗಿಲಲ್ಲೂ ಒಂದು ಮಣ್ಣಿನ ಬೋಗುಣಿ ಇರುತ್ತದೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದ ಕೈಯಲ್ಲೇ ಅದಕ್ಕೂ ಒಂದು ಚೊಂಬು ಹಾಕುತ್ತೇವೆ. ಮಗು ನಡೆಯಲು ಕಲಿತ ಮೇಲೆ ನಾವು ಮೊದಲು ಹೇಳಿಕೊಡುವ ಮಾತು, 'ಗುಂಡು ಮೊದಲು, ನಾವು ಆಮೇಲೆ.' ಗುಂಡಿಗಿಂತ ಮುಂದೆ ಯಾರೂ ಹೆಜ್ಜೆ ಇಡುವುದಿಲ್ಲ. ಹಿರಿಯರು ದಾರಿಯಲ್ಲಿ ಎದುರಾದರೆ ಹೇಗೆ ನಿಲ್ಲುತ್ತೇವೋ ಹಾಗೆ ಬದಿಗೆ ಸರಿದು ಅದು ಹೋಗುವ ತನಕ ನಿಲ್ಲುತ್ತೇವೆ. ಕಳ್ಳರೂ ನಿಲ್ಲುತ್ತಾರೆ. ಅವರೂ ಇದೇ ಊರಿನಲ್ಲಿ ನಡೆಯಲು ಕಲಿತವರು.

ಹಾಗಾಗಿ ಮನೆಯಲ್ಲಿ ರಿವಾಲ್ವರ್ ಇಡುವುದು ಯಾರನ್ನೋ ಕೊಲ್ಲಲಿಕ್ಕಲ್ಲ, ಬಾಗಿಲು ಹಿಡಿಯಲಿಕ್ಕೆ. ಯಾರಾದರೂ ನುಗ್ಗಲು ಬಂದರೆ ಬಾಗಿಲ ಕಡೆಗೆ ಒಂದು ಗುಂಡು ಬಿಡಬೇಕು. ಅದು ಹೊಸ್ತಿಲು ದಾಟುವ ತನಕ ಬಂದವನು ಬದಿಗೆ ನಿಲ್ಲುತ್ತಾನೆ. ಅಷ್ಟರಲ್ಲಿ ನಾವು ಹಿತ್ತಿಲಿನಿಂದ ಓಡಬೇಕು. ಹತ್ತು ಉಸಿರಿನಷ್ಟು ಹೊತ್ತು ಬಾಗಿಲು ಹಿಡಿದರೆ ಕಾಡತೂಸು ಪಾಸು, ಇಲ್ಲದಿದ್ದರೆ ನಪಾಸು. ಅದನ್ನು ಪರೀಕ್ಷಿಸಲು ಊರ ಹೊರಗಿನ ಹಳೆಯ ಇಟ್ಟಿಗೆ ಭಟ್ಟಿಯ ಬಯಲಿನಲ್ಲಿ ಕಚೇರಿಯವರು ಒಂದು ಬಾಗಿಲ ಚೌಕಟ್ಟನ್ನು ಒಂಟಿಯಾಗಿ ನಿಲ್ಲಿಸಿದ್ದಾರೆ. ಅದರ ಹಿಂದೆ ಹಸಿ ಮಣ್ಣಿನ ಗೋಡೆ ಇದೆ.

ನಾನು ಕಚೇರಿಗೆ ಸೇರಿದ್ದು ಆ ಗೋಡೆಗೆ ನೀರು ಹಾಕುವವಳಾಗಿ. ಬೋಗುಣಿ ತೊಳೆಯುವುದು, ಮಣ್ಣು ತುಳಿಯುವುದು, ಸಿಕ್ಕ ಗುಂಡುಗಳನ್ನು ಆರಿಸಿ ಎಣಿಸುವುದು ನನ್ನ ಕೆಲಸವಾಗಿತ್ತು. ಮೂವತ್ತೆರಡನೆಯ ವಯಸ್ಸಿನಲ್ಲಿ ಸಂಜೆ ಶಾಲೆಗೆ ಸೇರಿ ನಾಲ್ಕು ವರ್ಷದಲ್ಲಿ ಹತ್ತನೆಯ ತರಗತಿ ಮುಗಿಸಿದೆ. ಬಹುಮಾನವಾಗಿ ಒಂದು ಕೈಗಡಿಯಾರ ಸಿಕ್ಕಿತು. ಪರೀಕ್ಷಕಿಯ ಹುದ್ದೆ ಕೊಟ್ಟಾಗ ಇದು ಬೇರೆ ಯಾರದೋ ಹೆಸರಿಗೆ ಬಂದ ಕಾಗದ ಎಂದುಕೊಂಡು ಎರಡು ದಿನ ಮರಳಿಸಲು ಓಡಾಡಿದೆ. ಹಗಲು ಶಾಲೆಯಲ್ಲಿ ಕಲಿತವರಿಗೆ ಎಲ್ಲವೂ ಬೆಳಕಿನಲ್ಲಿ ಕಂಡಿರುತ್ತದೆ, ನಾನು ಕಲಿತದ್ದರಲ್ಲಿ ಎಲ್ಲೋ ಒಂದು ಮೂಲೆ ಕತ್ತಲಲ್ಲೇ ಉಳಿದಿರಬೇಕು ಎಂಬ ಅಳುಕು ನನಗೆ ಈಗಲೂ ಇದೆ. ಲೆಕ್ಕದ ಮೇಷ್ಟ್ರು ಹೇಳುತ್ತಿದ್ದರು, ಉತ್ತರ ಬಂದ ಮೇಲೆ ಹಿಂದುಮುಂದಾಗಿ ಇನ್ನೊಂದು ಸಲ ಮಾಡಿ ನೋಡಿ ಎಂದು. ನಾನು ಎರಡು ಸಲ ಮಾಡಿ ನೋಡುತ್ತೇನೆ.

ಆ ಕಾಡತೂಸು ಕಚೇರಿಗೆ ಬಂದದ್ದು ನೀಲವ್ವನ ಅರ್ಜಿಯ ಜೊತೆ. ನೀಲವ್ವ ಹೊಳೆಯ ದೋಣಿಗೆ ಹುಟ್ಟು ಹಾಕುವ ವಿಧವೆ. ಅವಳ ಮೈದುನ ದ್ಯಾವಪ್ಪ ಹಬ್ಬದ ಮರುದಿನ ಯಾವುದೋ ಮಾತಿಗೆ ಅವಳನ್ನು ಅಟ್ಟದ ಮೆಟ್ಟಿಲಿನಿಂದ ದೂಡಿದ್ದ. ತೊಡೆಯ ಎಲುಬು ಮುರಿದು, ಎಲುಬು ಕಟ್ಟುವ ಗುರುಪಾದಯ್ಯನ ಮನೆಯಲ್ಲಿ ಅವಳು ಮಲಗಿದ್ದಳು. ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿ, ಹಗ್ಗದ ತುದಿಗೆ ಮರಳಿನ ಚೀಲ ಜೋತುಬಿಟ್ಟು, ಇಪ್ಪತ್ತೊಂದು ದಿನ ಮಂಚ ಕೂಡ ಅಲುಗಬಾರದು ಎಂದು ಗುರುಪಾದಯ್ಯ ಹೇಳಿದ್ದ. ಅಮಾವಾಸ್ಯೆಗೆ ಪಂಚರು ಕೂಡಿ ಅವಳ ಮಾತು ಕೇಳುವವರಿದ್ದರು. ತಾನೇ ಕಾಲು ಜಾರಿ ಬಿದ್ದೆ ಎಂದು ಹೇಳು, ಇಲ್ಲದಿದ್ದರೆ ಇನ್ನೊಂದು ಕಾಲೂ ಇದೆ ಎಂದು ದ್ಯಾವಪ್ಪ ಕಿಟಕಿಯಲ್ಲಿ ಬಂದು ಹೇಳಿ ಹೋಗಿದ್ದನಂತೆ. ಅವಳು ಗಂಡನ ಟ್ರಂಕಿನಲ್ಲಿದ್ದ ಸಣ್ಣ ರಿವಾಲ್ವರನ್ನೂ ಹನ್ನೊಂದು ಕಾಡತೂಸುಗಳನ್ನೂ ತರಿಸಿಕೊಂಡು, ಇವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಲು ಅನುಮತಿ ಕೊಡಿ ಎಂದು ಅರ್ಜಿ ಬರೆಸಿ, ಎರಡನ್ನೂ ಪರೀಕ್ಷೆಗೆ ಕಳಿಸಿದ್ದಳು.

ಡಬ್ಬಿಯ ಮೇಲೆ ಒಂಟಿಕಾಲಲ್ಲಿ ನಿಂತ ಕೊಕ್ಕರೆಯ ಚಿತ್ರವಿತ್ತು. ಇಂಥ ಮಾರ್ಕು ಯಾರಿಗೂ ಗೊತ್ತಿರಲಿಲ್ಲ. ಹಿತ್ತಾಳೆಯ ಕೊಳವೆ ಕುದುರೆ ಮಾರ್ಕಿಗಿಂತ ಒಂದು ಗೋಧಿಕಾಳಿನಷ್ಟು ಉದ್ದ. ಹೊಳೆಯಾಚೆಯ ಯಾವುದೋ ಕಾರ್ಖಾನೆಯದು, ಅದು ಮುಚ್ಚಿ ಎಷ್ಟೋ ಕಾಲವಾಯಿತು ಎಂದು ನಮ್ಮ ಸಾಹೇಬರು ಹೇಳಿದರು. ಗೊತ್ತಿಲ್ಲದ ಮಾಲನ್ನು ನಪಾಸು ಮಾಡಿದರೆ ಯಾರೂ ಕೇಳುವುದಿಲ್ಲ ಎಂದೂ ಹೇಳಿದರು. ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಅಂಗಡಿಯವರು ಕೇಳಿದ್ದರೆ ಬೇರೆ. ಕೇಳಿದವಳು ಮಲಗಿದಲ್ಲಿಂದ ಏಳಲಾರದವಳು.

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಭಟ್ಟಿಯ ಬಯಲಿನಲ್ಲಿ ಮೊದಲನೆಯದನ್ನು ಒತ್ತಿದೆ. ಒಣಗಿದ ಬಳ್ಳಿ ಮುರಿದ ಹಾಗೆ ಚಿಟ್ಟೆಂದಿತು. ಚೂರು ಹೊಗೆ ಬಂತು. ಗುಂಡು ಬರಲಿಲ್ಲ. ನಿಯಮದಂತೆ ಹತ್ತು ಉಸಿರು ಕಾದೆ. ಸಮಾಧಾನವಾಗದೆ ಇನ್ನೂ ಹತ್ತು ಕಾದೆ. ಆಮೇಲೆ ಪುಸ್ತಕದಲ್ಲಿ 'ಠುಸ್' ಎಂದು ಬರೆದೆ. ಠುಸ್ಸಾದದ್ದನ್ನು ಮೂರು ಗಂಟೆ ಬಿಚ್ಚಬಾರದು ಎಂಬುದೂ ನಿಯಮವೇ. ರಿವಾಲ್ವರನ್ನು ಹಾಗೆಯೇ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಹೊರಟೆ. ದಾರಿಯಲ್ಲಿ ಹುಸೇನಸಾಬನ ಗಿರಣಿ. ಮಂಗಳವಾರ ಜೋಳ ಬೀಸಿಸುವ ವಾರ. ಚೀಲವನ್ನು ಬೆಂಚಿನ ಮೇಲೆ ಇಟ್ಟು, ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತೆ. ಸಾಲು ಕರಗಲಿಲ್ಲ. ಒಂಬತ್ತೂವರೆಗೆ ಡಬ್ಬಿಯನ್ನು ಅಲ್ಲೇ ಬಿಟ್ಟು, ಸಂಜೆ ಬರುತ್ತೇನೆಂದು ಹೇಳಿ ಕಚೇರಿಗೆ ಹೋದೆ.

ಹನ್ನೊಂದೂವರೆಗೆ ಸರಿಯಾಗಿ ರಿವಾಲ್ವರ್ ಬಿಚ್ಚಿದೆ. ಕೊಳವೆ ಖಾಲಿಯಾಗಿತ್ತು. ನಳಿಗೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಆಚೆಯ ಬೇವಿನ ಮರ ಚೊಕ್ಕವಾಗಿ ಕಂಡಿತು. ನಳಿಗೆಯಿಂದ ಏನೂ ಕಾಣದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಬಾರಿಗೆ ಅನಿಸಿತು. ಚೀಲ ತಿರುಗಿಸಿ ನೋಡಿದರೆ ಬದಿಯಲ್ಲಿ ಹುಣಸೆಬೀಜದಷ್ಟು ತೂತು. ಆ ಗುಂಡು ಠುಸ್ಸಾಗಿರಲಿಲ್ಲ. ತಡಮಾಡಿಕೊಂಡು ಹೊರಟಿತ್ತು. ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಊರೊಳಗೆ ತಂದು ಬಿಟ್ಟಿದ್ದೆ.

ಕುದುರೆ ಮಾರ್ಕಿನ ಗುಂಡು ತಪ್ಪಿ ಬಂದರೆ ಜನ ಅದರ ಗುಂಯ್ ಸದ್ದು ಕೇಳಿ ಸರಿಯುತ್ತಾರೆ, ಯಾರಾದರೂ ಬೋಗುಣಿ ಹಿಡಿಯುತ್ತಾರೆ. ಇದರ ನಡಿಗೆ ಯಾರಿಗೂ ಗೊತ್ತಿಲ್ಲ. ನಿದ್ದೆಯಲ್ಲಿರುವ ಕೂಸಿನ ಕಡೆ ಹೋಗುತ್ತಿದ್ದರೆ? ಪರೀಕ್ಷೆಯ ಗುಂಡನ್ನು ಕಳೆದುಕೊಂಡವರ ಕೆಲಸ ಹೋಗುತ್ತದೆ ಎಂಬುದೂ ನೆನಪಾಯಿತು. ಅದು ಎರಡನೆಯದಾಗಿ ನೆನಪಾಯಿತು ಎಂಬುದೊಂದೇ ಆ ದಿನದ ಬಗ್ಗೆ ನನಗಿರುವ ಹೆಮ್ಮೆ. ಕಚೇರಿಯ ಗೋಡೆಯನ್ನೆಲ್ಲ ತಡವಿದೆ. ತೂತು ಇರಲಿಲ್ಲ. ಹಾಗಾದರೆ ಚೀಲ ಅಲುಗದೆ ಇದ್ದ ಇನ್ನೊಂದು ಜಾಗ ಗಿರಣಿಯ ಬೆಂಚು.

ನಾನು ಓಡಿ ಹೋಗುವಾಗ ಹುಸೇನಸಾಬ ಮಧ್ಯಾಹ್ನದ ಊಟಕ್ಕೆಂದು ಹನ್ನೆರಡಕ್ಕೆ ಗಿರಣಿ ನಿಲ್ಲಿಸಿ ಕಾಲು ಗಂಟೆಯಾಗಿತ್ತು. ಬೆಂಚಿನ ಹಿಂದೆ, ಕುಳಿತವರ ಸೊಂಟದ ಎತ್ತರಕ್ಕೆ, ಗೋಡೆಯಲ್ಲಿ ತೂತು. ಕೆಳಗೆ ಚಿಟಿಕೆ ಇಟ್ಟಿಗೆಪುಡಿ. ಕಡಜ ಕೊರೆದದ್ದು ಅಂದುಕೊಂಡಿದ್ದೆ ಎಂದು ಅವನು ಹೇಳಿದ. ಗಿರಣಿಯ ಹಿಂದಿನದು ಬಾಳವ್ವನ ಅಡಿಗೆಮನೆ. ನಾನು ಕೇಳುವ ಮೊದಲೇ ಅವಳು ತನ್ನ ದೂರು ಶುರುಮಾಡಿದಳು. ಹತ್ತರ ಶಾಲೆಯ ಗಂಟೆ ಬಾರಿಸುವಾಗ ಒಲೆಯ ಪಕ್ಕ ಒಂದು ಮೊಳೆ ಕಂಡಿತಂತೆ. ಅವಳು ಅದಕ್ಕೆ ಚಹಾ ಸೋಸುವ ಜಾಳಿಗೆ ತಗುಲಿಹಾಕಿದಳಂತೆ. ಎರಡನೆಯ ಸಲ ಚಹಾ ಮಾಡುವಾಗ ನೋಡಿದರೆ ಜಾಳಿಗೆ ಆಚೆ ಗೋಡೆಯ ಬುಡದಲ್ಲಿ ಬಿದ್ದಿತ್ತಂತೆ. ಸೊಸೆಯ ಮೇಲೆ ಸಿಟ್ಟು ಮಾಡಿಕೊಂಡು ಅವಳು ಇನ್ನೂ ಮಾತು ಬಿಟ್ಟಿದ್ದಳು.

"ಗಾಳ್ಯಾಗ ಮೊಳಿ ಇರ್ತೈತೇನು ಬಾಳಕ್ಕಾ?" ಅಂದೆ.

"ನಮ್ಮ ಮನಿಯಾನ ಮೊಳಿ ಎಲ್ಲಾ ನಾನ ಹೊಡದೀನೇನವ್ವಾ?" ಅಂದಳು. "ಇತ್ತು, ತಗಲಾಕಿದೆ."

ಜಾಳಿಗೆ ಬಿದ್ದಿದ್ದ ಜಾಗದಲ್ಲಿ ಮೊಣಕಾಲೂರಿ ಗೋಡೆಯ ತೂತಿಗೆ ಕಣ್ಣಿಟ್ಟೆ. ನಮ್ಮೂರಿಗೆ ನಕ್ಷೆಯಿಲ್ಲ. ಆದರೆ ಆ ಹೊತ್ತು ಊರು ಒಂದು ಸೂಜಿಗಣ್ಣಿನಲ್ಲಿ ಪೋಣಿಸಿದ ಹಾಗೆ ಕಂಡಿತು. ಮುಂದಿನ ಮನೆಯ ಗೋಡೆಯಲ್ಲಿ ಬೆಳಕಿನ ಚುಕ್ಕೆ, ಅದರೊಳಗೆ ಅದರ ಮುಂದಿನ ಮನೆಯ ಚುಕ್ಕೆ, ಅದರೊಳಗೆ ಇನ್ನೊಂದು. ತೀರ ಕೊನೆಯಲ್ಲಿ ಬೆಳಕು ಇರಲಿಲ್ಲ. ಬೆಳಕನ್ನು ತಾನೇ ಮುಚ್ಚಿಕೊಂಡು ಗುಂಡು ಹೋಗುತ್ತಿತ್ತು.

ಬೀದಿಗೆ ಬಂದು ದಾಪುಗಾಲು ಎಣಿಸುತ್ತ ಓಡಿದೆ. ಎರಡು ದಾಪುಗಾಲಿಗೆ ಒಂದು ಮಾರು. ಆ ಸಾಲಿನ ಕೊನೆಯ ಮನೆ ನೇಕಾರ ಕಲ್ಲಪ್ಪನದು. ಅವನು ಇನ್ನೂ ರೊಟ್ಟಿ ಮುರಿಯುತ್ತಿದ್ದ. ಅವನು ಹೇಳಿದ್ದು ಇಷ್ಟು. ಗಿರಣಿಯ ಸದ್ದು ನಿಂತಿತೆಂದು ಊಟಕ್ಕೆ ಕುಳಿತಿದ್ದಾನೆ. ಆಗಲೇ ಗೋಡೆಯಿಂದ ಒಂದು ಗುಂಡು ಮೂತಿ ತೋರಿಸಿದೆ. ಎದೆಯ ಮುಂದೆ, ತಾಟಿನ ಮೇಲೆ ಅದರ ದಾರಿ. ಇವನು ಪದ್ಧತಿಯಂತೆ ಹಿಂದೆ ಸರಿದು ಕಾದಿದ್ದಾನೆ. ಅದು ತಾಟು ದಾಟಿ ಆಚೆಯ ಗೋಡೆ ಸೇರುವಷ್ಟರಲ್ಲಿ ಇಪ್ಪತ್ತು ನಿಮಿಷವಾಗಿದೆ. ಯಾರನ್ನಾದರೂ ಕೂಗಬಾರದಿತ್ತೇ ಎಂದರೆ, "ಹೋಗಲಿ ಬಿಡ್ರಿ ಅಕ್ಕಾರ, ಅದಕ್ಕೂ ಏನರ ಕೆಲಸ ಇರ್ತೈತಿ. ನನ್ನ ಸಾರು ಆರಿತು, ಅಷ್ಟ" ಅಂದ.

ಅಲ್ಲೇ ನಿಂತು ತ್ರೈರಾಶಿಯ ಲೆಕ್ಕ ಹಾಕಿದೆ. ಬಾಳವ್ವನ ಒಲೆಯಿಂದ ಇಲ್ಲಿಗೆ ಅರವತ್ತು ದಾಪುಗಾಲು, ಮೂವತ್ತು ಮಾರು. ಹತ್ತರ ಗಂಟೆಯಿಂದ ಗಿರಣಿ ನಿಲ್ಲುವ ತನಕ ನೂರಿಪ್ಪತ್ತು ನಿಮಿಷ. ಒಂದು ಮಾರಿಗೆ ನಾಲ್ಕು ನಿಮಿಷ. ಹಿಂದುಮುಂದಾಗಿ ಮಾಡಿ ನೋಡಿದೆ. ಕೋಣೆ ಐದು ಮಾರು, ಇಪ್ಪತ್ತು ನಿಮಿಷ. ಸರಿಯಾಗಿಯೇ ಇತ್ತು. ನನ್ನ ಲೆಕ್ಕ ಸರಿಯಾದದ್ದಕ್ಕೆ ಅಷ್ಟು ಹೆದರಿಕೆಯಾದದ್ದು ಅದೇ ಮೊದಲು. ಏಕೆಂದರೆ ಕಲ್ಲಪ್ಪನ ಮನೆಯ ಎದುರು, ಬೀದಿಯ ಆಚೆ ಬದಿಗೆ, ಗುರುಪಾದಯ್ಯನ ಮನೆ. ಗುಂಡು ಹೋಗುತ್ತಿದ್ದದ್ದು ಮಂಚದ ಎತ್ತರದಲ್ಲಿ.

ಕಲ್ಲಪ್ಪನ ಬಾಗಿಲಿನ ಬೋಗುಣಿ ಎತ್ತಿಕೊಂಡು ಹೊರಬಂದೆ. ಬೀದಿಯಲ್ಲಿ ಒಂದು ಚಕ್ಕಡಿ ನಿಂತಿತ್ತು. ಗಾಡಿಯವನು ಎತ್ತುಗಳನ್ನು ನೊಗದಿಂದ ಬಿಚ್ಚಿ, ಅವಕ್ಕೆ ಮೇವು ಹಾಕಿ ಕೂತಿದ್ದ. ಇಂಥ ಮೈಗಳ್ಳ ಗುಂಡನ್ನು ಹುಟ್ಟಿದ ಮೇಲೆ ನೋಡಿಲ್ಲ ಎಂದು ಗೊಣಗಿದ. ಅವನು ಕೈ ತೋರಿಸಿದ ಕಡೆ ನೋಡಿದೆ. ಗುರುಪಾದಯ್ಯನ ಮನೆಯ ಗೋಡೆಯಲ್ಲಿ, ಬಾಗಿಲಿನ ಪಕ್ಕದಲ್ಲಿ, ಅದರ ಹಿಂಭಾಗ ಮುಳುಗುತ್ತಿತ್ತು. ಗುರುಪಾದಯ್ಯ ಎಲ್ಲಿ ಎಂದೆ. ಸ್ನಾನಕ್ಕೆ ಹೊಳೆಗೆ ಹೋದ ಅಂದ. ಮತ್ತೆ ಒಳಗೆ ಯಾರಿದ್ದಾರೆ ಎಂದೆ. "ದ್ಯಾವಪ್ಪ ಈಗಷ್ಟ ಒಳಗ ಹ್ವಾದ. ಕೈಯಾಗ ಬಡಿಗಿ ಇತ್ತು, ಎದಕ್ಕೋ ಏನೋ" ಅಂದ.

ಗುರುಪಾದಯ್ಯನನ್ನು ಕರೆದುಕೊಂಡು ಬಾ ಎಂದು ಗಾಡಿಯವನನ್ನು ಹೊಳೆಗೆ ಓಡಿಸಿ, ನಾನು ಸಂದಿಯಲ್ಲಿ ಸುತ್ತಿ ಹಿತ್ತಿಲ ಬಚ್ಚಲಿನ ಬಾಗಿಲಿನಿಂದ ಒಳಗೆ ಹೋದೆ.

ಉದ್ದನೆಯ ಪಡಸಾಲೆ. ಈ ತುದಿಯಲ್ಲಿ ನೀಲವ್ವನ ಮಂಚ. ಮರಳಿನ ಚೀಲ ಗಡಿಯಾರದ ಲೋಲಕದ ಹಾಗೆ ಜೋತಿತ್ತು. ಆ ತುದಿಯಲ್ಲಿ ಬೀದಿಬಾಗಿಲು. ಬಾಗಿಲಿನಿಂದ ಒಂದು ಮಾರು ಒಳಗೆ ಗುಂಡು. ಗುಂಡಿನ ಹಿಂದೆ ದ್ಯಾವಪ್ಪ. ಅವನು ಬರುವುದಕ್ಕೂ ಅದು ಗೋಡೆಯಿಂದ ಹೊರಬರುವುದಕ್ಕೂ ಸರಿಹೋಗಿತ್ತು. ಅವನು ಹುಣಸೆಯ ಬಡಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ದೇವರ ಪಲ್ಲಕ್ಕಿಯ ಹಿಂದೆ ಬರುವ ಭಕ್ತನ ಹಾಗೆ ಒಂದು ಗೇಣು ಸರಿದು ನಿಲ್ಲುತ್ತಿದ್ದ, ಮತ್ತೆ ಒಂದು ಗೇಣು ಸರಿದು ನಿಲ್ಲುತ್ತಿದ್ದ. ಅದರ ಪಕ್ಕದಲ್ಲಿ ಎರಡು ಆಳು ಹೋಗುವಷ್ಟು ಜಾಗವಿತ್ತು. ಆ ಜಾಗ ಅವನಿಗೆ ಕಾಣಲಿಲ್ಲ. ನನಗೂ ಕಂಡಿರಲಿಲ್ಲ, ಈಗ ಬರೆಯುವಾಗ ಕಾಣುತ್ತಿದೆ.

"ವೈನಿ, ನಾ ಏನೂ ಮಾಡಾಕ ಬಂದಿಲ್ಲ. ಮಾತಾಡಾಕ ಬಂದೀನಿ" ಅನ್ನುತ್ತಿದ್ದ.

"ಅಲ್ಲೇ ನಿಂತು ಮಾತಾಡು. ಮುರದದ್ದು ಕಾಲು, ಕಿವಿ ಅಲ್ಲ" ಅಂದಳು ನೀಲವ್ವ.

ಅವಳ ದನಿ ಗಟ್ಟಿಯಾಗಿತ್ತು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಗುಂಡಿನ ದಾರಿ ನೇರವಾಗಿ ಅವಳ ಪಟ್ಟಿ ಕಟ್ಟಿದ ಕಾಲಿನ ಪಾದಕ್ಕೆ, ಅಲ್ಲಿಂದ ಮೇಲಕ್ಕೆ ಅವಳ ಮೈಗೆ. ಅವಳು ಅದನ್ನೂ ನೋಡುತ್ತಿದ್ದಳು, ಅವನನ್ನೂ ನೋಡುತ್ತಿದ್ದಳು. ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ತೀರ್ಮಾನಿಸುತ್ತಿದ್ದ ಹಾಗಿತ್ತು. ನಾನು ಮಂಚದ ಬಳಿ ಕೂತು, ಇದು ನನ್ನ ತಪ್ಪು, ನಿನ್ನದೇ ಡಬ್ಬಿಯ ಕಾಡತೂಸು, ಈಗಲೇ ಹೋಗಿ ಹಿಡಿಯುತ್ತೇನೆ ಎಂದು ಪಿಸುಗುಟ್ಟಿದೆ. ಬೋಗುಣಿ ಎತ್ತಿಕೊಂಡು ಏಳಹೋದಾಗ ಅವಳು ನನ್ನ ಸೆರಗು ಹಿಡಿದಳು.

"ಹಿಡೀಬ್ಯಾಡ. ಅದು ಬರೂತನಕ ಇವ ಬರಂಗಿಲ್ಲ."

ಅವಳು ಹೇಳಿದ್ದು ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ನಮ್ಮ ನಿಯಮಗಳೆಲ್ಲ ಓಡಬಲ್ಲವರಿಗೆ ಬರೆದವು. ಹತ್ತು ಉಸಿರು ಬಾಗಿಲು ಹಿಡಿ, ಹಿತ್ತಿಲಿನಿಂದ ಓಡು. ಓಡಲಾರದವಳಿಗೆ ಹತ್ತು ಉಸಿರಿನಿಂದ ಏನಾಗಬೇಕು? ಗುಂಡು ಹಿಡಿದ ಮರುಗಳಿಗೆ ದಾರಿ ಖಾಲಿಯಾಗುತ್ತದೆ, ಬಡಿಗೆ ಮಂಚದ ಬಳಿ ಇರುತ್ತದೆ. ಹಿಡಿಯದಿದ್ದರೆ ಗುಂಡೇ ಮಂಚದ ಬಳಿ ಇರುತ್ತದೆ. ಹಿಡಿಯಬೇಕು, ಆದರೆ ಕೊನೆಯ ಗೇಣಿನಲ್ಲಿ ಹಿಡಿಯಬೇಕು. ನಾನು ಅವಳ ಪಾದದ ಮುಂದೆ ಮಂಚದ ಅಂಚಿನಲ್ಲಿ ಕೂತೆ. ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗುಂಡಿಗೆ ಮುಖಮಾಡಿ ಕೂತೆ. ಬೋಗುಣಿ ಹಿಡಿಯುವವರು ಬದಿಯಲ್ಲಿ ನಿಂತು ಕೈ ಚಾಚುತ್ತಾರೆ. ಎದುರಿಗೆ ಯಾರೂ ಕೂರುವುದಿಲ್ಲ. ನನ್ನ ಕೈ ಹೊರಗೆ ಚಾಚಿದರೆ ನಡುಗುತ್ತದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹಾಗೆ ಕೂತೆ. ಧೈರ್ಯದಿಂದ ಕೂತದ್ದಲ್ಲ.

ದ್ಯಾವಪ್ಪ ನನ್ನನ್ನು ಗುರುತಿಸಿದ. ಕಚೇರಿಯ ಬೋಗುಣಿ ತೊಳೆಯುವವಳಲ್ಲವೇ ನೀನು, ಇಲ್ಲಿ ಯಾರ ಬೋಗುಣಿ ತೊಳೆಯಲು ಬಂದಿ ಎಂದ. ಅವನು ಒಂದು ಗೇಣು ಸರಿದ. ಹೊರಗೆ ಎತ್ತುಗಳ ಕೊರಳ ಗೆಜ್ಜೆ ಕೇಳುತ್ತಿತ್ತು. ಗುಂಡು ಬುಗುರಿಯ ಹಾಗೆ ತನ್ನಷ್ಟಕ್ಕೆ ತಿರುಗುತ್ತ, ಯಾವ ಅವಸರವೂ ಇಲ್ಲದೆ ಬರುತ್ತಿತ್ತು. ಅವನು ಮೊದಲು ಗದರಿದ. ಆಮೇಲೆ ಅಣ್ಣನ ಹೆಸರು ತೆಗೆದು ಅತ್ತ ಹಾಗೆ ಮಾಡಿದ. ಆಮೇಲೆ ಬಡಿಗೆ ಭಾರವಾಗಿ ಗೋಡೆಗೆ ಒರಗಿಸಿದ. ಕುಕ್ಕರುಗಾಲಲ್ಲಿ ಕೂತ. ಕೂತ ಮೇಲೆ ಗುಂಡು ಮುಂದೆ ಹೋಯಿತೆಂದು ಮತ್ತೆ ಎದ್ದು ಬಡಿಗೆ ತೆಗೆದುಕೊಂಡು ಬಂದ. ಬೀಡಿ ಹಚ್ಚಿದ. ಬೀಡಿ ಮುಗಿಯಿತು. ಗುಂಡು ಒಂದು ಮಾರೂ ಬಂದಿರಲಿಲ್ಲ. ಸಿಟ್ಟನ್ನು ಅಷ್ಟು ಹೊತ್ತು ಕೈಯಲ್ಲಿ ಹಿಡಿದು ನಿಲ್ಲುವುದು ಸುಲಭವಲ್ಲ ಎಂದು ಅವನ ಮುಖ ನೋಡಿ ಗೊತ್ತಾಗುತ್ತಿತ್ತು. ಅವನು ಆಕಳಿಸಿದ. ಆಕಳಿಸಿದ್ದಕ್ಕೆ ಅವನಿಗೇ ನಾಚಿಕೆಯಾದ ಹಾಗಿತ್ತು.

ಕೊನೆಗೆ ನನ್ನನ್ನೇ ಕೇಳಿದ. "ಇನ್ನ ಎಷ್ಟೊತ್ತು ಐತಿ ಇದು?"

ಎರಡು ಮಾರು ಉಳಿದಿತ್ತು, ಎಂಟು ನಿಮಿಷ. ಕೇಳಿದವರಿಗೆ ನಿಜ ಹೇಳಿಯೇ ಅಭ್ಯಾಸ ನನಗೆ. ನಾಲಿಗೆಯ ತುದಿಗೆ ಎಂಟು ಎಂಬ ಅಂಕಿ ಬಂದಿತ್ತು. ನೀಲವ್ವನ ಬೆರಳು ನನ್ನ ಬೆನ್ನಿಗೆ ಒತ್ತಿತು.

"ಗೊತ್ತಿಲ್ರಿ" ಅಂದೆ. "ಇದರ ವರದಿ ಇನ್ನ ಆಗಿಲ್ಲ."

ಅದು ಸುಳ್ಳಲ್ಲ. ಕಚೇರಿಯ ಲೆಕ್ಕದಲ್ಲಿ ವರದಿ ಆಗುವ ತನಕ ಯಾವ ಕಾಡತೂಸಿನ ನಡಿಗೆಯೂ ಯಾರಿಗೂ ಗೊತ್ತಿಲ್ಲ. ದ್ಯಾವಪ್ಪ ನನ್ನನ್ನು ನೋಡಿದ, ಗುಂಡನ್ನು ನೋಡಿದ. ಅದು ಸಂಜೆಯ ತನಕವೂ ಹೀಗೇ ಇರಬಹುದು ಎಂಬ ಯೋಚನೆ ಅವನ ಮುಖದ ಮೇಲೆ ನಿಧಾನವಾಗಿ ಹಾದುಹೋದದ್ದನ್ನು ನಾನು ಕಂಡೆ. "ಯಾರ ಕಾಯತಾರ ಇದನ್ನ. ನನಗ ಹೊಲದಾಗ ಕೆಲಸ ಐತಿ" ಅಂದ. ಬಾಗಿಲ ತನಕ ಹೋಗಿ, ಬಡಿಗೆ ಮರೆತದ್ದಕ್ಕೆ ಹಿಂದೆ ಬಂದು ತೆಗೆದುಕೊಂಡು, ತಲೆ ತಗ್ಗಿಸಿಕೊಂಡು ಹೊರಟುಹೋದ.

ಅವನು ಹೋದ ಮೇಲೂ ನಾವು ಅಲುಗಲಿಲ್ಲ. ತಿರುಗಿ ಬಂದರೆ ಎಂದು ನೀಲವ್ವ ಬಾಗಿಲು ನೋಡುತ್ತಿದ್ದಳು. ನಾನು ಗುಂಡು ನೋಡುತ್ತಿದ್ದೆ. ಅದು ಒಂದು ಮೊಳಕ್ಕೆ ಬಂತು. ಒಂದು ಗೇಣಿಗೆ ಬಂತು. ಬೋಗುಣಿ ಎತ್ತಿ ಎದೆಗೆ ಒತ್ತಿ ಹಿಡಿದೆ. ಎಮ್ಮೆ ಕೆಸರಿನಲ್ಲಿ ಕೂರುವ ಹಾಗೆ ಅದು ಹಸಿ ಮಣ್ಣಿನೊಳಗೆ ತಣ್ಣಗೆ ಇಳಿಯಿತು. ಬೋಗುಣಿ ಒಂದು ಸಲ ಮೆಲ್ಲಗೆ ತಿರುಗಿ ನಿಂತಿತು. ಆಮೇಲೆ ಏನೂ ಆಗಲಿಲ್ಲ. ಏನೂ ಆಗದೆ ಇರುವುದು ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ಮಂಚ ಅಲುಗಬಾರದೆಂದು ನೆನಪಾಗಿ ನೆಲಕ್ಕೆ ಇಳಿದು ಕೂತೆ. ನೀಲವ್ವ ನಗುತ್ತಿದ್ದಳೋ ಅಳುತ್ತಿದ್ದಳೋ, ಮರಳಿನ ಚೀಲ ಕುಣಿಯುತ್ತಿತ್ತು.

"ತಂಗೀ, ಉಳದ ಹತ್ತೂ ನನಗ ಕೊಡಸ್ತಿ ಇಲ್ಲೋ?" ಅಂದಳು.

ಸ್ವಲ್ಪ ಹೊತ್ತಿಗೆ ಗುರುಪಾದಯ್ಯ ಒದ್ದೆ ಪಂಚೆಯಲ್ಲೇ ಓಡಿ ಬಂದ. ಅವನ ಹಿಂದೆ ಗಾಡಿಯವನು, ಅವನ ಹಿಂದೆ ಬಾಯಿ ಒರೆಸಿಕೊಳ್ಳುತ್ತ ಕಲ್ಲಪ್ಪ. ಮೂವರೂ ಹೊಸ್ತಿಲಲ್ಲಿ ನಿಂತು, ಗುಂಡು ಎಲ್ಲಿದೆ ಎಂದು ಕೇಳಿ, ಬೋಗುಣಿ ನೋಡಿದ ಮೇಲೆಯೇ ಒಳಗೆ ಬಂದರು. ಅಂದಿನಿಂದ ಅಮಾವಾಸ್ಯೆಯ ತನಕ ಗಾಡಿಯವನು ಮಧ್ಯಾಹ್ನದ ಹೊತ್ತು ಎತ್ತುಗಳನ್ನು ಅದೇ ಬಾಗಿಲ ಮುಂದೆ ಕಟ್ಟಿದ. ಪಂಚರು ಮಂಚದ ಸುತ್ತಲೇ ಕೂಡಿದರು. ನೀಲವ್ವ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ದ್ಯಾವಪ್ಪ ಹೊಳೆಯ ಈಚೆ ದಡಕ್ಕೆ ಕಾಲಿಡಬಾರದು ಎಂದಾಯಿತು.

ಗುಂಡು ಸಿಕ್ಕ ದಿನ ಸಂಜೆ ಕಚೇರಿಯಲ್ಲಿ ವರದಿ ಬರೆಯಲು ಕೂತೆ. ಮೊದಲು 'ಠುಸ್' ಎಂದು ಬರೆದದ್ದನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಪರೀಕ್ಷಕಿಯ ಅಜಾಗರೂಕತೆಯಿಂದ ಗುಂಡು ಊರೊಳಗೆ ಹೋಯಿತು, ಐದು ಮನೆ ಮತ್ತು ಒಂದು ಗಿರಣಿಯ ಗೋಡೆ ತೂತಾಯಿತು, ಒಂದು ಜಾಳಿಗೆಯ ವಿಷಯದಲ್ಲಿ ಅತ್ತೆಸೊಸೆಯರಿಗೆ ಮನಸ್ತಾಪವಾಯಿತು ಎಂದೂ ಬರೆದೆ. ಅಭಿಪ್ರಾಯದ ಕಾಲಮ್ಮಿನಲ್ಲಿ, 'ಓಡಬಲ್ಲವರಿಗೆ ಅಗತ್ಯವಿಲ್ಲ. ಓಡಲಾರದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಒತ್ತಿದ ಮೇಲೆ ಗುಂಡು ಹೊರಬರಲು ಅರ್ಧ ಗಂಟೆಗೂ ಮೇಲಾಗಬಹುದು. ಆದ್ದರಿಂದ ಹೆದರಿಕೆ ಇರುವವರು ಮೊದಲೇ ಒತ್ತಿ, ನಳಿಗೆಯನ್ನು ಬಾಗಿಲಿಗೆ ಗುರಿಯಿಟ್ಟು, ಬಾಗಿಲಾಚೆ ಬೋಗುಣಿ ಇಡಿಸತಕ್ಕದ್ದು' ಎಂದು ಬರೆದೆ. ಸಾಹೇಬರು ನಿಂತುಕೊಂಡೇ ಓದಿದರು. ಕೆಲಸದ ವಿಷಯ ಈಗ ಎತ್ತುತ್ತಾರೆ ಎಂದು ನಾನು ಕೈಗಡಿಯಾರದ ಪಟ್ಟಿಯನ್ನು ತಿರುಗಿಸುತ್ತ ನಿಂತಿದ್ದೆ. ಅವರು ನಾಲ್ಕನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು, ಇದು ಖಾಲಿ ಇದೆಯಲ್ಲ, ಎಷ್ಟು ಹೊತ್ತು ಬಾಗಿಲು ಹಿಡಿಯಿತು ಎಂದರು.

ನಾನು ಗಡಿಯಾರ ನೋಡಿರಲಿಲ್ಲ. ಬಹುಮಾನದ ಗಡಿಯಾರ ಕೈಯಲ್ಲೇ ಇತ್ತು, ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ಮಾರು ಎಣಿಸಿ ಲೆಕ್ಕ ಹಾಕಿದರೆ ಒಂದು ಅಂಕಿ ಬರುತ್ತಿತ್ತು, ಸಾಹೇಬರೂ ಅದನ್ನೇ ಬರೆ ಅಂದರು. ಆದರೆ ಕಣ್ಣಾರೆ ನೋಡದ್ದನ್ನು ಬರೆದು ಬೆಳಿಗ್ಗೆ ಅನುಭವಿಸಿದ್ದು ಸಾಕಾಗಿತ್ತು. ಒಂದು ಗಳಿಗೆ ಯೋಚಿಸಿ, ನಾನು ನಿಜವಾಗಿ ನೋಡಿದ್ದನ್ನೇ ಬರೆದು ಅವರ ಕೈಗೆ ಕೊಟ್ಟೆ. ಅವರು ಓದಿದರು, ನನ್ನ ಮುಖ ನೋಡಿದರು, ಪಾಸಿನ ಮುದ್ರೆ ಒತ್ತಿದರು. ನಾನು ಗಿರಣಿಗೆ ಹೋಗಿ ನನ್ನ ಹಿಟ್ಟಿನ ಡಬ್ಬಿ ತೆಗೆದುಕೊಂಡು ಮನೆಗೆ ಹೋದೆ. ಆ ರಾತ್ರಿ ಎಷ್ಟೋ ದಿನಗಳ ಮೇಲೆ, ಬಾಗಿಲ ಚಿಲಕವನ್ನು ಎರಡನೆಯ ಸಲ ನೋಡದೆ ಮಲಗಿದೆ.

ನಾಲ್ಕನೆಯ ಕಾಲಮ್ಮಿನಲ್ಲಿ ಹೀಗಿದೆ: 'ಬಾಗಿಲು ಹಿಡಿದ ಅವಧಿ: ಹೊಡೆಯಲು ಬಂದವನಿಗೆ ಬೇಸರ ಬಂದು ಮನೆಗೆ ಹೋಗುವಷ್ಟು.'